ಮಗಳ ಪಿಯುಸಿಗಾಗಿ ಹೊಲ ಮಾರಬೇಕೇ?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವರು. ಮೂರು ಎಕರೆ ಹೊಲವಿದೆ. ಗೋವಿನಜೋಳ, ಹತ್ತಿ ಬೆಳೆಯುತ್ತೇವೆ. ಮಗಳು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 597 ಅಂಕ ಪಡೆದಿದ್ದಾಳೆ. ಭಾವನ ಮಗ ಕರಾವಳಿಯ ವಸತಿ ಕಾಲೇಜೊಂದರಲ್ಲಿ ಓದಿ ಈಗ ಎಂಬಿಬಿಎಸ್ ಮಾಡುತ್ತಿದ್ದಾನೆ. ಮಗಳನ್ನೂ ಅಲ್ಲಿಗೇ ಕಳಿಸಬೇಕೆಂದು ಯಜಮಾನರು ಹಟ ಹಿಡಿದಿದ್ದಾರೆ. ಪಾಠ, ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ತರಬೇತಿ, ಹಾಸ್ಟೆಲ್ ಎಲ್ಲ ಸೇರಿ ಎರಡು ವರ್ಷಕ್ಕೆ ಆರು ಲಕ್ಷ ರೂಪಾಯಿ. ಒಂದು ಎಕರೆ ಮಾರುವ ಮಾತು ನಡೆದಿದೆ, 25 ಸಾವಿರ ಮುಂಗಡವನ್ನೂ ಕಟ್ಟಿ ಬಂದಿದ್ದಾರೆ. ಮಗಳು ಅಪ್ಪನೆದುರು ತುಟಿ ಬಿಚ್ಚುವುದಿಲ್ಲ. ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, "ಅವ್ವಾ, ನಾನು ಮನೆಯಿಂದಲೇ ಹೋಗಿಬಂದು ಓದುತ್ತೇನೆ" ಎಂದು ಅಳುತ್ತಾಳೆ. ಅವಳಿಗೆ ಜೀವಶಾಸ್ತ್ರ ಇಷ್ಟ, ಆದರೆ ಡಾಕ್ಟರೇ ಆಗಬೇಕೆಂದೇನೂ ಹೇಳುವುದಿಲ್ಲ. ತಾಲ್ಲೂಕು ಊರಿನಲ್ಲಿ ಒಂದು ಸರ್ಕಾರಿ, ಒಂದು ಅನುದಾನಿತ ಪಿಯು ಕಾಲೇಜು ಇವೆ. ಕಿರಿಯ ಮಗ ಆರನೆಯ ತರಗತಿ. ನಾನು ಓದಿದ್ದು ಏಳನೆಯವರೆಗೆ. ಈ ವಿಷಯದಲ್ಲಿ ಮಾತನಾಡುವ ಯೋಗ್ಯತೆ ನನಗಿದೆಯೇ? ಕಳಿಸದಿದ್ದರೆ ನಾಳೆ ಮಗಳೇ "ಅವ್ವ ನನ್ನನ್ನು ತಡೆದಳು" ಎಂದರೆ ಏನು ಮಾಡಲಿ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ:

ಸಹೋದರಿ,

ಮಗಳು ರಾತ್ರಿ ಅಳುತ್ತಾಳೆ ಎಂಬುದು ನಿಮ್ಮ ಮನೆಯಲ್ಲಿ ಗೊತ್ತಿರುವುದು ನಿಮಗೊಬ್ಬರಿಗೇ. ಈ ನಿರ್ಧಾರಕ್ಕೆ ಅತ್ಯಗತ್ಯವಾದ ವಿಷಯವೂ ಅದೇ. ಆದ್ದರಿಂದ ಯೋಗ್ಯತೆಯ ಪ್ರಶ್ನೆಯನ್ನು ಇಲ್ಲಿಗೇ ಬಿಡಿ. ನೀವು ಮಾತನಾಡಲೇಬೇಕು, ಅದೂ ಬೇಗ.

ನನ್ನ ಅಭಿಪ್ರಾಯವನ್ನು ಸುತ್ತುಬಳಸದೆ ಹೇಳುತ್ತೇನೆ. ಹೊಲ ಮಾರಬೇಡಿ. ಮಗಳನ್ನು ಈಗ ದೂರ ಕಳಿಸಬೇಡಿ. ತಾಲ್ಲೂಕಿನ ಎರಡು ಕಾಲೇಜುಗಳಲ್ಲಿ ಪಾಠ ನಿಜವಾಗಿ ನಡೆಯುವುದು ಎಲ್ಲಿ ಎಂದು ನೋಡಿ, ಅಲ್ಲಿ ಪಿಸಿಎಂಬಿಗೆ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿಸಿ.

ನಿಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಗಳ ಓದಿಗಾಗಿ ಹೊಲ ಮಾರಲು ಸಿದ್ಧರಾದ ತಂದೆ ಅವರು. ಮಗನಿಗಾದರೆ ಸಾಲ ಮಾಡಿ, ಮಗಳಿಗೆ ಹತ್ತನೆಯದೇ ಸಾಕು ಎನ್ನುವ ಮನೆಗಳು ಇಂದಿಗೂ ಎಷ್ಟೋ ಇವೆ. ಅವರ ಹಟದ ಹಿಂದೆ ಇರುವುದು ಪ್ರೀತಿ, ಜೊತೆಗೆ ಒಂದಿಷ್ಟು ಭಯ. ಅಣ್ಣನ ಮಗ ದಡ ಸೇರಿದ, ನನ್ನ ಮಗಳು ಹಿಂದೆ ಉಳಿದರೆ ಹೇಗೆ ಎಂಬ ಭಯ. ಅವರನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿ ಮಾತು ಶುರು ಮಾಡಿದರೆ ಅದು ಅಲ್ಲಿಗೇ ಮುರಿದುಬೀಳುತ್ತದೆ.

ಫಲಿತಾಂಶ ಬಂದ ಮರುದಿನದ ಪತ್ರಿಕೆಗಳನ್ನು ಅವರು ನೋಡಿರುತ್ತಾರೆ. ಪುಟ ತುಂಬ ಮಕ್ಕಳ ಭಾವಚಿತ್ರ, ಕೆಳಗೆ ರ‍್ಯಾಂಕು. ಆ ಚಿತ್ರಗಳು ಸುಳ್ಳಲ್ಲ. ಆದರೆ ಅದೇ ವರ್ಷ ಆ ಕಾಲೇಜಿಗೆ ಸೇರಿದ ಉಳಿದ ಮಕ್ಕಳು ಎಲ್ಲಿದ್ದಾರೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮೊದಲ ಪಿಯುಗೆ ಎಷ್ಟು ಮಂದಿ ಸೇರಿದರು, ಎರಡನೆಯ ಪಿಯು ಪರೀಕ್ಷೆಗೆ ಎಷ್ಟು ಮಂದಿ ಕುಳಿತರು, ನಡುವೆ ಎಷ್ಟು ಮಂದಿ ಟಿಸಿ ತೆಗೆದುಕೊಂಡು ಹೋದರು, ಸರ್ಕಾರಿ ಮೆಡಿಕಲ್ ಸೀಟು ಸಿಕ್ಕಿದ್ದು ಎಷ್ಟು ಮಂದಿಗೆ? ಈ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುವ ಕಾಲೇಜಿಗೆ ಗೌರವ ಕೊಡೋಣ. ಇನ್ನೊಂದನ್ನೂ ಕೇಳಬೇಕು: ಅಂಕದ ಮೇಲೆ ಸೆಕ್ಷನ್ ಒಡೆಯುತ್ತೀರಾ, ಒಡೆದರೆ ಕೊನೆಯ ಸೆಕ್ಷನ್ನಿಗೆ ಪಾಠ ಮಾಡುವವರು ಯಾರು? ಒಳ್ಳೆಯ ಉಪನ್ಯಾಸಕರನ್ನೆಲ್ಲ ಮೊದಲ ಸೆಕ್ಷನ್ನಿಗೆ ಹಾಕಿ, ಉಳಿದವರಿಂದ ಶುಲ್ಕ ಮಾತ್ರ ಸಮನಾಗಿ ತೆಗೆದುಕೊಳ್ಳುವ ಸಂಸ್ಥೆಗಳ ಮೇಲೆ ನನಗೆ ಸಿಟ್ಟಿದೆ. ಒಂದು ಕಾಲೇಜು ಒಳ್ಳೆಯದೋ ಅಲ್ಲವೋ ಎಂಬುದು ಕೊನೆಯ ಬೆಂಚಿನ ಮಗುವನ್ನು ಅದು ಹೇಗೆ ನೋಡಿಕೊಳ್ಳುತ್ತದೆ ಎಂಬುದರಿಂದ ತಿಳಿಯುತ್ತದೆ.

ಕರಾವಳಿಯ ಕಾಲೇಜುಗಳೆಲ್ಲ ಹೀಗೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಿಜಕ್ಕೂ ಚೆನ್ನಾಗಿ ಕಲಿಸುವ ಸಂಸ್ಥೆಗಳಿವೆ. ನಿಮ್ಮ ಕಡೆಯಿಂದ ಹೋಗಿ ಅರಳಿದ ಹೆಣ್ಣುಮಕ್ಕಳೂ ಇದ್ದಾರೆ. ತಾನಾಗಿಯೇ ಹೋಗಬೇಕೆಂದು ಹಂಬಲಿಸುವ ಮಗು, ಮನೆಯಲ್ಲಿ ಕುಡಿತವೋ ಜಗಳವೋ ಇದ್ದು ಓದಲು ಒಂದು ಮೂಲೆಯೂ ಸಿಗದ ಮಗು ಆಗಿದ್ದರೆ, ಕಳಿಸಿ ಎಂದು ನಾನೇ ಬರೆಯುತ್ತಿದ್ದೆ. ನಿಮ್ಮ ಮಗಳ ಸ್ಥಿತಿ ಅದಲ್ಲ.

ಈಗ ಯಜಮಾನರಿಗೆ ಹೇಳಬೇಕಾದ ಲೆಕ್ಕ. ನೀಟ್ ಬರೆಯುವವರು ದೇಶದಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಸರ್ಕಾರಿ, ಖಾಸಗಿ ಎಲ್ಲ ಸೇರಿ 1 ಲಕ್ಷಕ್ಕಿಂತ ಹೆಚ್ಚು. ನಿಮ್ಮಂಥ ಕುಟುಂಬದ ಕೈಗೆಟಕುವುದು ಅದರಲ್ಲಿ ಸರ್ಕಾರಿ ಸೀಟುಗಳು ಮಾತ್ರ. ಆರು ಲಕ್ಷ ಕಟ್ಟಿದವರಿಗೆಲ್ಲ ಅದು ಸಿಗುವುದಿಲ್ಲ. ಇನ್ನು ಪಠ್ಯದ ವಿಷಯ. ನಮ್ಮ ರಾಜ್ಯದ ಪಿಯು ವಿಜ್ಞಾನಕ್ಕೆ ಇರುವುದು ದೇಶಮಟ್ಟದ ಎನ್‌ಸಿಇಆರ್‌ಟಿ ಪಠ್ಯ, ನೀಟ್ ತಯಾರಿಗೂ ಬುನಾದಿ ಅದೇ. ಸಮುದ್ರದ ದಂಡೆಯ ಕಾಲೇಜಿನಲ್ಲಿ ಮಕ್ಕಳು ಓದುವ ಜೀವಶಾಸ್ತ್ರದ ಪುಸ್ತಕವನ್ನೇ ನಿಮ್ಮ ತಾಲ್ಲೂಕಿನ ಕಾಲೇಜಿನ ಮಕ್ಕಳೂ ಓದುತ್ತಾರೆ. ನೀಟನ್ನು ಕನ್ನಡದಲ್ಲೂ ಬರೆಯಬಹುದು. ಅದಕ್ಕೆ ಗರಿಷ್ಠ ವಯಸ್ಸಿನ ಮಿತಿಯೂ ಇಲ್ಲ, ಇಷ್ಟೇ ಸಲ ಬರೆಯಬೇಕೆಂಬ ಕಟ್ಟೂ ಇಲ್ಲ. ಎರಡು ವರ್ಷದ ನಂತರ ಮಗಳು ತಾನಾಗಿ "ಡಾಕ್ಟರ್ ಆಗುತ್ತೇನೆ, ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಹೋಗುತ್ತೇನೆ" ಎಂದರೆ ಆಗ ಹಣ ಹೊಂದಿಸಬಹುದು. ಅಷ್ಟರಲ್ಲಿ ಅವಳಿಗೆ ಹದಿನೆಂಟು ತುಂಬಿರುತ್ತದೆ, ಆಯ್ಕೆ ಅವಳದಾಗಿರುತ್ತದೆ, ಹೊಲವೂ ಉಳಿದಿರುತ್ತದೆ.

ಹೊಲ ಮಾರಿದರೆ ಹಣದ ಜೊತೆಗೆ ಇನ್ನೊಂದು ನಷ್ಟವಿದೆ. "ನಿನಗಾಗಿ ಹೊಲ ಮಾರಿದೆವು" ಎಂದು ನೀವು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಆ ಹುಡುಗಿಗೆ ಪ್ರತಿ ವಾರದ ಟೆಸ್ಟಿನಲ್ಲೂ ಅದು ಕೇಳಿಸುತ್ತದೆ. ಅಂಕ ಕಡಿಮೆಯಾದ ದಿನ ಫೋನಿನಲ್ಲಿ "ಚೆನ್ನಾಗಿದ್ದೇನೆ" ಎಂದು ಸುಳ್ಳು ಹೇಳುತ್ತಾಳೆ. ಅಪ್ಪನೆದುರು ತುಟಿ ಬಿಚ್ಚದ ಮಗಳು ದೂರದ ಹಾಸ್ಟೆಲಿನಿಂದ, ವಾರಕ್ಕೊಮ್ಮೆ ಸಿಗುವ ಕೆಲವು ನಿಮಿಷಗಳ ಫೋನಿನಲ್ಲಿ ಬಿಚ್ಚುತ್ತಾಳೆಯೇ? ನನ್ನ ದೊಡ್ಡ ಚಿಂತೆ ಇದೇ. ಕಿರಿಯವನೂ ಇದ್ದಾನೆ ಎಂಬುದನ್ನು ಮರೆಯಬೇಡಿ. ನಾಲ್ಕು ವರ್ಷಕ್ಕೆ ಅವನ ಎಸ್ಸೆಸ್ಸೆಲ್ಸಿ ಬರುತ್ತದೆ.

ಪಿಸಿಎಂಬಿ ತೆಗೆದುಕೊಂಡರೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಜೀವಶಾಸ್ತ್ರ ಪ್ರಿಯವಾದ ಹುಡುಗಿಗೆ ಎಂಬಿಬಿಎಸ್ ಒಂದೇ ದಾರಿ ಎಂದು ಯಾರು ಹೇಳಿದರು? ಹಾವೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಸರಿ. ನಿಮ್ಮ ಜಿಲ್ಲೆಯ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಕೇಳುವಿಕೆಯ ತೊಂದರೆ ಇರುವವರಿಗೆ ಚಿಕಿತ್ಸೆ ನೀಡುವ ಪದವಿ ಕೋರ್ಸಿದೆ. ಪಶುವೈದ್ಯಕೀಯವಿದೆ, ನರ್ಸಿಂಗ್ ಇದೆ. ಮಗಳು ಈ ಹೆಸರುಗಳನ್ನೇ ಕೇಳಿಲ್ಲದಿರಬಹುದು. ಹದಿನಾರರ ಹುಡುಗಿಗೆ ಮುಂದೇನು ಎಂಬುದು ಸ್ಪಷ್ಟವಿಲ್ಲದಿರುವುದು ದೋಷವಲ್ಲ. ನೋಡಲು ಅವಳಿಗೆ ಎರಡು ವರ್ಷ ಕೊಡಿ.

ಇನ್ನೊಂದು ವಿಷಯ ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಒಂದರಿಂದ ಹತ್ತನೆಯವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ ಮಗಳು ನಿಮ್ಮದು. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಗ್ರಾಮೀಣ ವ್ಯಾಸಂಗಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5ರಷ್ಟು ಸರ್ಕಾರಿ ಸೀಟುಗಳ ಮೀಸಲಾತಿ ಇದೆ. ಹತ್ತು ವರ್ಷ ನಿಮ್ಮೂರಿನ ಶಾಲೆಗೆ ಹೋಗಿಬಂದೇ ಅವಳು ಇದಕ್ಕೆ ಬೇಕಾದ ಅರ್ಹತೆಯನ್ನು ಗಳಿಸಿದ್ದಾಳೆ. ಆ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಮೇಲುರುಜು ಬೇಕು. ಯಾವ ನಮೂನೆ, ಯಾವ ಷರತ್ತು ಎಂಬುದನ್ನು ಶಾಲೆಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಕೊನೆಯ ಗಳಿಗೆಯಲ್ಲಿ ಇದಕ್ಕಾಗಿ ಓಡಾಡುವ ಪೋಷಕರ ಪಾಡು ಬೇಡ.

ಕಷ್ಟವಿರುವ ಜಾಗವನ್ನೂ ಹೇಳುತ್ತೇನೆ. ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ಓದಿ ನೂರಕ್ಕೆ ನೂರರ ಹತ್ತಿರ ಅಂಕ ತೆಗೆದ ಹುಡುಗಿ, ಜೂನ್ ತಿಂಗಳಲ್ಲಿ ಇಂಗ್ಲಿಷ್ ಪಾಠದ ನಡುವೆ ಕುಳಿತು ತನಗೆ ಏನೂ ಬರುವುದಿಲ್ಲ ಎಂದುಕೊಳ್ಳುತ್ತಾಳೆ. ಬುದ್ಧಿ ಕಡಿಮೆಯಾಗಿರುವುದಿಲ್ಲ, ಭಾಷೆ ಬದಲಾಗಿರುತ್ತದೆ ಅಷ್ಟೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕುಸಿಯುತ್ತದೆ. ಆಗ ಮನೆಯಲ್ಲಿ ಯಾರೂ ಗಾಬರಿಯಾಗಬೇಡಿ. ಹತ್ತನೆಯ ತರಗತಿಯ ವಿಜ್ಞಾನದ ಕನ್ನಡ ಪುಸ್ತಕವನ್ನು ಎಸೆಯಬೇಡಿ, ಅದರ ಇಂಗ್ಲಿಷ್ ಮಾಧ್ಯಮದ ಪುಸ್ತಕವನ್ನೂ ತಂದುಕೊಡಿ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ದಿನಕ್ಕೆ ಎರಡು ಪುಟ ಓದಲಿ. ತರಗತಿ ಆರಂಭವಾಗುವ ಮುನ್ನ ಸಿಗುವ ದಿನಗಳಲ್ಲಿ ಅವಳು ಮಾಡಬಹುದಾದ ಅತ್ಯುತ್ತಮ ತಯಾರಿ ಇದು. ಈ ಮೊದಲ ಕೆಲವು ತಿಂಗಳು ಅವಳಿಗೆ ಬೇಕಿರುವುದು "ಸರ್, ಅರ್ಥವಾಗಲಿಲ್ಲ" ಎಂದು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಬಿಡಿಸಿ ಹೇಳುವ ಉಪನ್ಯಾಸಕರು, ಸಂಜೆ ಮನೆಯ ಊಟ.

ಹಾಗೆಂದು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ತಾಲ್ಲೂಕಿನ ಕಾಲೇಜಿಗೆ ಕಣ್ಣು ಮುಚ್ಚಿ ಸೇರಿಸಬೇಡಿ. ನೀವು, ಯಜಮಾನರು, ಮಗಳು ಮೂವರೂ ಎರಡು ಕಾಲೇಜುಗಳಿಗೂ ಹೋಗಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕಕ್ಕೂ ಉಪನ್ಯಾಸಕರಿದ್ದಾರೆಯೇ, ಕಾಯಂ ಎಷ್ಟು ಮಂದಿ, ಅತಿಥಿ ಎಷ್ಟು ಮಂದಿ ಎಂದು ಪ್ರಾಂಶುಪಾಲರನ್ನೇ ಕೇಳಿ. ಕಳೆದ ವರ್ಷ ಅತಿಥಿ ಉಪನ್ಯಾಸಕರು ಯಾವ ತಿಂಗಳಲ್ಲಿ ಬಂದರು ಎಂಬುದನ್ನೂ ಕೇಳಿ. ತಡವಾಗಿ ಬಂದಿದ್ದರೆ ಗಣಿತದ ಮೊದಲ ಅಧ್ಯಾಯಗಳು ಗಾಳಿಗೆ ಹೋಗಿರುತ್ತವೆ. ಪ್ರಯೋಗಾಲಯದ ಬಾಗಿಲು ತೆಗೆಸಿ. ಬ್ಯುರೆಟ್ಟುಗಳ ಒಳಗೆ ದೂಳು ಕುಳಿತಿದೆಯೇ, ಸೂಕ್ಷ್ಮದರ್ಶಕ ಬೀರುವಿನಲ್ಲಿ ಬೀಗದೊಳಗಿದೆಯೇ, ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರ ಫಲಿತಾಂಶವೂ ಒಂದೇ ಥರ ಇದೆಯೇ ನೋಡಿ. ಒಂದೇ ಥರ ಇದ್ದರೆ ಪ್ರಯೋಗ ನಡೆದಿಲ್ಲ, ನಕಲು ನಡೆದಿದೆ. ಕಾಲೇಜು ಶುರುವಾದ ಮೇಲೆ ಸಂಜೆ ಬಸ್ ನಿಲ್ದಾಣದಲ್ಲಿ ಸಿಗುವ ಎರಡನೆಯ ಪಿಯು ಹುಡುಗಿಯರನ್ನು ಮಾತನಾಡಿಸಿದರೆ ಎಲ್ಲ ನಿಜವೂ ಹೊರಬರುತ್ತದೆ. ನಿಮ್ಮೂರಿನವರೇ ಯಾರಾದರೂ ಅಲ್ಲಿ ಓದುತ್ತಿದ್ದರೆ ಇವತ್ತೇ ಅವರ ಮನೆಗೆ ಹೋಗಿ ಕೇಳಿ.

ಎರಡೂ ಕಡೆ ನಿರಾಸೆಯಾದರೆ ಮೂರನೆಯ ದಾರಿ ಇದೆ. ಹಾವೇರಿ, ರಾಣೆಬೆನ್ನೂರಿನಂಥ ಊರುಗಳ ಒಳ್ಳೆಯ ಕಾಲೇಜು. ಉಳಿಯಲು ಸರ್ಕಾರದ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯ. ಅದಕ್ಕೆ ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಬಸ್ಸಿನ ಖರ್ಚಿನ ಚಿಂತೆ ಹೇಗೂ ಇಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ಯಜಮಾನರೊಡನೆ ಮಾತನಾಡುವಾಗ ನೀವೊಬ್ಬರೇ ಹೋಗಬೇಡಿ. ತಾಯಿ ಮಗಳು ಸೇರಿಕೊಂಡು ತನ್ನನ್ನು ವಿರೋಧಿಸುತ್ತಿದ್ದಾರೆ ಎಂದು ಅವರಿಗೆ ಅನ್ನಿಸಬಾರದು. ಹೈಸ್ಕೂಲಿನಲ್ಲಿ ಮಗಳಿಗೆ ವಿಜ್ಞಾನ ಕಲಿಸಿದ ಶಿಕ್ಷಕರನ್ನು ಒಂದು ಸಂಜೆ ಮನೆಗೆ ಕರೆಯಿರಿ. ಹಳ್ಳಿಯಲ್ಲಿ ಮೇಷ್ಟ್ರ ಮಾತಿಗೆ ಬೆಲೆಯಿದೆ, ಅವಳ ಶಕ್ತಿ ಏನು, ಎಲ್ಲಿ ಸಹಾಯ ಬೇಕು ಎಂಬುದೂ ಅವರಿಗೆ ಗೊತ್ತು. ಅವರೆದುರು ಮಗಳೇ ಹೇಳಲಿ. "ನನಗೆ ಹೋಗಲು ಇಷ್ಟವಿಲ್ಲ" ಎಂದಷ್ಟೇ ಹೇಳಿದರೆ ಅಪ್ಪನಿಗೆ ಅದು ಅಂಜಿಕೆಯಂತೆ ಕಾಣುತ್ತದೆ. "ನಾನು ಇಲ್ಲಿಂದ ಹೀಗೆ ಓದುತ್ತೇನೆ, ಇಷ್ಟು ಹೊತ್ತಿಗೆ ಏಳುತ್ತೇನೆ, ನನಗೆ ಈ ಪುಸ್ತಕಗಳು ಬೇಕು" ಎಂದು ಒಂದು ಹಾಳೆಯಲ್ಲಿ ಬರೆದು ಓದಿ ಹೇಳಲಿ. ಭಾವನವರ ಮಗನಿಗೂ ಫೋನ್ ಮಾಡಿಸಿ. ತನ್ನ ಜೊತೆ ಸೇರಿದವರಲ್ಲಿ ಎಷ್ಟು ಮಂದಿ ಮೆಡಿಕಲ್ ಸೇರಿದರು ಎಂದು ಅವನ ಚಿಕ್ಕಪ್ಪನಿಗೆ ಅವನೇ ಹೇಳಲಿ.

ನಿಮ್ಮ ಪಾಲಿಗೂ ಒಂದು ಕೆಲಸವಿದೆ. ಮನೆಯಲ್ಲಿದ್ದಾಳೆಂದು ಹೊಲದ ಬುತ್ತಿ, ದನದ ಕೆಲಸ, ತಮ್ಮನ ಜವಾಬ್ದಾರಿ ಎಲ್ಲವೂ ಅವಳ ತಲೆಗೆ ಬಂದರೆ ಯಜಮಾನರ ಮಾತೇ ಸರಿಯಾಗುತ್ತದೆ. ದೀಪ, ಮೇಜು, ಮೂರು ಗಂಟೆಯ ನಿಶ್ಶಬ್ದ, ಇಷ್ಟನ್ನು ನೀವು ಕೊಡಲೇಬೇಕು. ಕೊಟ್ಟರೆ, ಎಲ್ಲರೂ ಕೂತು ಅವಳ ಮಾತನ್ನೂ ಕೇಳಿ ತೆಗೆದುಕೊಂಡ ತೀರ್ಮಾನವನ್ನು ಯಾವ ಮಗಳೂ "ಅವ್ವ ತಡೆದಳು" ಎನ್ನುವುದಿಲ್ಲ. ಅಳು ಮುಂದುವರಿದರೆ, ಊಟ ನಿದ್ದೆ ತಪ್ಪಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಮುಂಗಡದ ವಿಷಯ ತಡಮಾಡಬೇಡಿ. ಪ್ರವೇಶ ಬೇಡವೆಂದು, ಹಣ ಹಿಂದಿರುಗಿಸಬೇಕೆಂದು ಈ ವಾರವೇ ಅರ್ಜಿ ಬರೆದು, ರಶೀದಿಯ ಪ್ರತಿ ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ತರಬೇತಿ ಕೇಂದ್ರಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ನಡುವೆ ಬಿಟ್ಟುಹೋಗುವ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಹಿಂದಿರುಗಿಸಬೇಕು ಎಂದಿದೆ. ಅರ್ಜಿಯಲ್ಲಿ ಇದನ್ನು ನಮೂದಿಸಿದರೆ ಮಾತಿಗೆ ತೂಕ ಬರುತ್ತದೆ. ಪೂರ್ತಿ ಹಣ ಬಾರದೆಯೂ ಇರಬಹುದು. 25 ಸಾವಿರ ಹೋಗುತ್ತದೆಂದು ಆರು ಲಕ್ಷ ಕಟ್ಟಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮೂಲ ಅಂಕಪಟ್ಟಿಯನ್ನೂ ವರ್ಗಾವಣೆ ಪತ್ರವನ್ನೂ ಆ ಕಾಲೇಜಿಗೆ ಕೊಟ್ಟಿದ್ದಾರೆಯೇ ಎಂದು ಯಜಮಾನರನ್ನು ಇಂದೇ ಕೇಳಿ. ಕೊಟ್ಟಿಲ್ಲವಾದರೆ ಅವು ಮನೆಯಲ್ಲೇ ಇರಲಿ. ಕೊಟ್ಟಿದ್ದರೆ, ಅರ್ಜಿ ಅಂಚೆಗೆ ಹಾಕಿ ಕಾಯುವುದು ಬೇಡ. ಅವರೇ ಬಸ್ಸು ಹತ್ತಿ ಹೋಗಿ ತರಲಿ.