‘ಬೇಕಾದಾಗ ಮಾತ್ರ ಕೇಳಿಸುತ್ತೆ ಇವನಿಗೆ’

ತಾಯಿಯ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಏರಿಯಾ, ಗುರುತು ಸಿಗುವ ಸಣ್ಣಪುಟ್ಟ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅಮ್ಮನನ್ನು ಸುಮಾ ಅನ್ನೋಣ, ಮಗುವನ್ನು ಪುಟ್ಟ.

ಪುಟ್ಟನಿಗೆ ಇನ್ನೆರಡು ತಿಂಗಳಿಗೆ ನಾಲ್ಕು ವರ್ಷ. ಮನೆ ಹತ್ತಿರದ ಪ್ಲೇಹೋಮ್‌ಗೆ ಹೋಗುತ್ತಾನೆ. ಡೈರಿಯಲ್ಲಿ ಮಿಸ್ ಮೂರು ಸಲ ಕೆಂಪು ಪೆನ್ನಲ್ಲಿ ಬರೆದು ಕಳಿಸಿದ್ದರು. ಹೇಳಿದ್ದು ಕೇಳಲ್ಲ, ರೈಮ್ಸ್ ಹೇಳುವಾಗ ಎದ್ದು ಹೋಗಿಬಿಡುತ್ತಾನೆ, ಪಕ್ಕದ ಮಕ್ಕಳನ್ನು ತಳ್ಳುತ್ತಾನೆ. ಮೂರನೇ ಸಲ ‘ಒಮ್ಮೆ ಕೌನ್ಸೆಲರ್‌ಗೆ ತೋರಿಸಿ’ ಅಂತ ಬೇರೆ. ಹಾಗೆ ಅವರು ಬಂದ ಕೌನ್ಸೆಲರ್ ನಾನು. ಸುಮಾ ನನ್ನೆದುರು ಆ ಡೈರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು, ಅದು ಅವರದೇ ಮಾರ್ಕ್ಸ್ ಕಾರ್ಡ್ ಅನ್ನೋ ಹಾಗೆ.

"ಮನೇಲೂ ಹಾಗೇ ಮೇಡಂ. ಹತ್ತು ಸಲ ಕೂಗಿದ್ರೂ ತಿರುಗಿ ನೋಡಲ್ಲ. ಅದೇ ಅಡುಗೆಮನೇಲಿ ಚಿಪ್ಸ್ ಪ್ಯಾಕೆಟ್ ಮುಟ್ಟಿ, ಓಡಿ ಬರ್ತಾನೆ. ಬೇಕಾದಾಗ ಮಾತ್ರ ಕೇಳಿಸುತ್ತೆ ಇವನಿಗೆ."

ಒಪ್ಪಿಕೊಂಡುಬಿಡುತ್ತೇನೆ, ಮೊದಲ ಹದಿನೈದು ನಿಮಿಷ ನಾನೂ ಇದನ್ನು ನಂಬಿದ್ದೆ. ಅವನು ನೆಲದ ಮೇಲೆ ಬ್ಲಾಕ್ಸ್ ಇಟ್ಟುಕೊಂಡು ಕೂತಿದ್ದ. ನಾನು ಹಿಂದಿನಿಂದ ಬಿಸ್ಕತ್ ಪ್ಯಾಕೆಟ್ ಸರಸರ ಅನ್ನಿಸಿದೆ, ತಕ್ಷಣ ತಿರುಗಿದ. "ನೋಡಿದ್ರಾ!" ಅಂದರು ಸುಮಾ. ಕಿವಿ ಸರಿಯಾಗೇ ಇದೆ, ಇದು ಗಮನದ ವಿಷಯವೋ ಮನೆಯ ಶಿಸ್ತಿನ ವಿಷಯವೋ ಇರಬೇಕು ಅಂದುಕೊಂಡೆ. ಆಮೇಲೆ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ನಾನು ಮಾತಾಡುವಾಗ ಅವನು ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದ.

ನಾಲ್ಕು ಚಿತ್ರದ ಕಾರ್ಡ್ ಹರಡಿದೆ. ಹಾಲು, ಕಾಲು, ಇಲಿ, ಹುಲಿ. ಎದುರಿಗೆ ಕೂತು ಕೇಳಿದರೆ ನಾಲ್ಕೂ ಸರಿಯಾಗಿ ತೋರಿಸಿದ. ಅವನ ಹಿಂದೆ ಹೋಗಿ ಕೂತು, ಮೆಲ್ಲಗೆ, ಮಾಮೂಲಿ ದನಿಗಿಂತ ಸ್ವಲ್ಪ ಕಮ್ಮಿ ದನಿಯಲ್ಲಿ, "ಕಾಲು ಎಲ್ಲಿ ಪುಟ್ಟ?" ಅಂದೆ. ಹಾಲಿನ ಲೋಟದ ಮೇಲೆ ಬೆರಳಿಟ್ಟ. "ಇಲಿ?" ಹುಲಿ ತೋರಿಸಿದ. ಇನ್ನೊಂದು ಸಲ ಕೇಳಿದಾಗ ಕಾರ್ಡ್ ಎತ್ತಿ ಬಿಸಾಕಿ ಎದ್ದು ಹೋದ. ಪ್ಲೇಹೋಮ್‌ನಲ್ಲಿ ರೈಮ್ಸ್ ಹೇಳುವಾಗ ಎದ್ದು ಹೋಗ್ತಾನಲ್ಲ, ಅದೇ ಥರ.

ಇದು ಕಿವಿ ಪರೀಕ್ಷೆ ಅಲ್ಲ, ಯಾರೂ ಮನೆಯಲ್ಲಿ ಮಾಡಿ ತೀರ್ಮಾನಕ್ಕೆ ಬರಬೇಡಿ. ನನಗೆ ಮುಂದಿನ ಪ್ರಶ್ನೆ ಕೇಳೋಕೆ ಅಷ್ಟು ಸಾಕಾಯಿತು. ನೆಗಡಿ ಎಷ್ಟು ಸಲ ಆಗುತ್ತೆ? "ಮಳೆ ಶುರುವಾದಾಗಿಂದ ಬಿಟ್ಟೇ ಇಲ್ಲ." ಬಾಯಿ ತೆಗೆದು ಮಲಗ್ತಾನಾ, ಗೊರಕೆ ಹೊಡಿತಾನಾ? ಹೌದು. ಟಿವಿ ಸೌಂಡ್? ಅವನೇ ಜಾಸ್ತಿ ಮಾಡಿಕೊಳ್ತಾನೆ. ರಾತ್ರಿ ಮಲಗಿಕೊಂಡೇ ಬಾಟಲಿಯಲ್ಲಿ ಹಾಲು ಕುಡಿಯುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಕಿವಿ ತೋರಿಸಿದ್ದೀರಾ ಅಂದರೆ, "ಹುಟ್ಟಿದಾಗಲೇ ಟೆಸ್ಟ್ ಮಾಡಿದ್ರು, ಪಾಸ್ ಆಗಿತ್ತು" ಅಂದರು. ತುಂಬ ಜನ ಹೀಗೇ ಅಂದುಕೊಂಡಿರುತ್ತಾರೆ. ಹುಟ್ಟಿದಾಗ ಮಾಡುವ ಟೆಸ್ಟ್ ಆವತ್ತಿನ ಕಿವಿಯ ಲೆಕ್ಕ. ಮೂರು ವರ್ಷ ಆದಮೇಲೆ ಆಗುವ ತೊಂದರೆಯನ್ನು ಅದು ಹೇಗೆ ಹೇಳುತ್ತೆ?

ಇ.ಎನ್.ಟಿ. ಡಾಕ್ಟರ್ ಮತ್ತು ಆಡಿಯಾಲಜಿಸ್ಟ್ (ಎಷ್ಟು ಕೇಳಿಸುತ್ತೆ ಅಂತ ಅಳೆದು ನೋಡುವ ತಜ್ಞರು) ಇಬ್ಬರನ್ನೂ ನೋಡಿ ಬನ್ನಿ ಅಂತ ಚೀಟಿ ಬರೆದುಕೊಟ್ಟೆ. ಬೆಂಗಳೂರಲ್ಲಿ ಇದಕ್ಕೆ ಕಷ್ಟಪಡಬೇಕಾಗಿಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಎನ್.ಟಿ. ವಿಭಾಗ ಇದೆ, ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ಹೆಸರಿನ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿಗೆ ಹೋಗೋರಿಗೆ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ. ಇಷ್ಟು ಸಣ್ಣ ಮಗು ಹೇಗೆ ಟೆಸ್ಟ್ ಕೊಡುತ್ತೆ ಅಂತ ಸುಮಾಗೆ ಭಯ. ಮೂರು ವರ್ಷದ ಆಸುಪಾಸಿನ ಮಕ್ಕಳಿಗೆ ಅದನ್ನು ಆಟವಾಗಿ ಮಾಡಿಸುತ್ತಾರೆ. ಹೆಡ್‌ಫೋನ್ ಹಾಕಿ, ‘ಕೂ’ ಅಂತ ಕೇಳಿಸಿದಾಗಲೆಲ್ಲ ಒಂದು ಬ್ಲಾಕ್ ಡಬ್ಬಿಗೆ ಹಾಕು ಅಂತಾರೆ, ಅಷ್ಟೇ. ಪುಟ್ಟ ಮುಗಿದ ಮೇಲೂ ಇನ್ನೊಂದು ಸಲ ಆಡೋಣ ಅಂದನಂತೆ.

ರಿಪೋರ್ಟ್ ಬಂತು. ಎರಡೂ ಕಿವಿಯಲ್ಲಿ 30ರಿಂದ 35 ಡೆಸಿಬಲ್, ಅಂದರೆ ಸದ್ದು ಅಷ್ಟು ಜೋರಾದಾಗಲೇ ಅವನಿಗೆ ಕೇಳಿಸೋಕೆ ಶುರುವಾಗೋದು. ಮಕ್ಕಳಲ್ಲಿ ಇದು 20ರ ಒಳಗೆ ಇರಬೇಕು. ಕಿವಿ ತಮಟೆ ಎಷ್ಟು ಅಲುಗುತ್ತೆ ಅಂತ ನೋಡುವ ಇಂಪಿಡೆನ್ಸ್ ಟೆಸ್ಟ್‌ನಲ್ಲಿ ಗೆರೆ ಬೆಟ್ಟದ ಥರ ಏಳಬೇಕಿತ್ತು, ಇವನದು ಮಲಗಿಕೊಂಡಿತ್ತು. ತಮಟೆಯ ಹಿಂದೆ ನೀರು ತುಂಬಿದೆ. ಡಾಕ್ಟರುಗಳು ‘ಗ್ಲೂ ಇಯರ್’ ಅನ್ನುತ್ತಾರೆ, ಆ ನೀರು ಗೋಂದಿನ ಹಾಗೆ ಅಂಟಂಟಾಗುವುದರಿಂದ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಡೀ ಕಥೆ ಇರೋದೇ ಇಲ್ಲಿ. ಮೂಗಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಒಂದು ಸಣ್ಣ ಕೊಳವೆ ಇದೆ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತೆ, ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಮ್ಮಿ ಅಡ್ಡಡ್ಡ. ನೆಗಡಿಯಾದರೆ, ಮೂಗಿನ ಹಿಂದಿನ ಅಡಿನಾಯ್ಡ್ ಅನ್ನುವ ಗ್ರಂಥಿ ಊದಿಕೊಂಡರೆ ಕೊಳವೆ ಕಟ್ಟಿಕೊಳ್ಳುತ್ತೆ, ಒಳಗೆ ಗಾಳಿ ಹೋಗಲ್ಲ, ನೀರು ನಿಲ್ಲುತ್ತೆ. ಸಾಮಾನ್ಯವಾಗಿ ನೋವು ಇರಲ್ಲ, ಜ್ವರ ಇರಲ್ಲ, ಕಿವಿ ಸೋರಲ್ಲ. ನೆಗಡಿ ಜೋರಾದ ವಾರ ಕೇಳಿಸೋದು ಕಮ್ಮಿ, ಇಳಿದ ವಾರ ಪರವಾಗಿಲ್ಲ. ಸೋಮವಾರ ಕರೆದರೆ ಬಂದ, ಗುರುವಾರ ಬರಲಿಲ್ಲ. ನೋಡುವವರಿಗೆ ಇದು ಹಠ ಅನ್ನಿಸದೆ ಇನ್ನೇನು ಅನ್ನಿಸುತ್ತೆ? ಏನೂ ಕೇಳಿಸದ ಮಗುವಿನ ಮೇಲೆ ಯಾರಿಗಾದರೂ ಬೇಗ ಅನುಮಾನ ಬರುತ್ತೆ, ಅರ್ಧಂಬರ್ಧ ಕೇಳಿಸುವ ಮಗು ಮಾತ್ರ ಏಟು ತಿನ್ನುತ್ತೆ. ಚಿಪ್ಸ್ ಪ್ಯಾಕೆಟ್ ಸದ್ದು ಹತ್ತಿರದ್ದು, ಚುರುಕಾದದ್ದು, ಆ ಹೊತ್ತಿಗೆ ಬೇರೆ ಸದ್ದೂ ಇರಲಿಲ್ಲ. ಅಮ್ಮ ಕರೆಯುತ್ತಿದ್ದದ್ದು ಮಿಕ್ಸಿ ಓಡುವಾಗ, ಪಕ್ಕದ ರೂಮಿನಿಂದ.

"ಹೊಡೆದಿದ್ದೀನಿ ಮೇಡಂ" ಅಂದರು ಸುಮಾ. ತುಂಬ ಹೊತ್ತು ಬೇರೇನೂ ಹೇಳಲಿಲ್ಲ.

ಪರವಾಗಿಲ್ಲ ಬಿಡಿ ಅಂತ ನಾನೂ ಅನ್ನಲಿಲ್ಲ. ಅವನಿಗೆ ಗೊತ್ತಾಗೋ ಹಾಗೆ ಒಂದೇ ಸಲ ಹೇಳಿ ಅಂದೆ. ‘ನಿನಗೆ ಕೇಳಿಸಿರಲಿಲ್ಲ, ಅಮ್ಮಂಗೆ ಗೊತ್ತಿರಲಿಲ್ಲ, ಹೊಡೆದದ್ದು ತಪ್ಪು.’ ಅಷ್ಟು ಸಾಕು. ದಿನಾ ಅಳುತ್ತಾ ಕ್ಷಮೆ ಕೇಳಿದರೆ ಅಮ್ಮನನ್ನು ಸಮಾಧಾನ ಮಾಡುವ ಕೆಲಸವೂ ಆ ಮಗುವಿನ ಮೇಲೇ ಬೀಳುತ್ತೆ.

ಡಾಕ್ಟರ್ ಮೂರು ತಿಂಗಳು ಕಾದು ನೋಡೋಣ ಅಂದಿದ್ದರು. ಮನೆಯಲ್ಲಿ ಇದೇ ದೊಡ್ಡ ಜಗಳ. ಔಷಧಿನೇ ಬರೆಯದ ಡಾಕ್ಟರ್ ಎಂಥ ಡಾಕ್ಟರ್ ಅಂತ ಸುಮಾ ಅವರ ಗಂಡ, ಬೆಚ್ಚಗಿನ ಬೆಳ್ಳುಳ್ಳಿ ಎಣ್ಣೆ ನಾಲ್ಕು ಹನಿ ಬಿಟ್ಟರೆ ಸರಿಹೋಗುತ್ತೆ ಅಂತ ಅತ್ತೆ. ಮುಂದಿನ ಸಲ ಇಬ್ಬರನ್ನೂ ಕರೆಸಿದೆ. ನೀರು ಇರೋದು ತಮಟೆಯ ಆ ಕಡೆ, ಎಣ್ಣೆ ಬೀಳೋದು ಈ ಕಡೆ ಅಂತ ಕಾಗದದ ಮೇಲೆ ಗೀಚಿ ತೋರಿಸಿದೆ. ಅಜ್ಜಿ ಚಿತ್ರ ನೋಡಿ, "ಗೋಡೆ ಆಚೆ ನೀರು ನಿಂತಿದ್ರೆ ಈಚೆ ಒರೆಸಿ ಏನು ಬಂತು" ಅಂದರು. ನನಗಿಂತ ಚೆನ್ನಾಗಿ ಹೇಳಿದರು. ಆಂಟಿಬಯೋಟಿಕ್, ನೆಗಡಿ ಸಿರಪ್ ಯಾವುದೂ ಈ ನೀರನ್ನು ಒಣಗಿಸಲ್ಲ, ಎಷ್ಟೋ ಮಕ್ಕಳಲ್ಲಿ ಅದು ತಾನಾಗೇ ಇಳಿಯುತ್ತೆ, ಅದಕ್ಕೇ ಕಾಯೋದು. ಇಳಿಯದಿದ್ದರೆ ತಮಟೆಯಲ್ಲಿ ಗ್ರೊಮೆಟ್ ಅನ್ನುವ ಚಿಕ್ಕ ಕೊಳವೆ ಇಡುತ್ತಾರೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಅದೇ ಉದುರುತ್ತೆ. ಈ ಮಧ್ಯೆ ಕಿವಿ ನೋವು, ಜ್ವರ, ಸೋರುವಿಕೆ ಅಥವಾ ಕಿವಿ ಹಿಂದೆ ಬಾವು ಬಂದರೆ ಮೂರು ತಿಂಗಳ ಲೆಕ್ಕ ಬಿಟ್ಟು ಅವತ್ತೇ ಓಡಿ ಅಂದೆ. ಹೇರ್‌ಪಿನ್, ಇಯರ್‌ಬಡ್ ಯಾವುದೂ ಬೇಡ. ರಾತ್ರಿ ಬಾಟಲಿ ನಿಲ್ಲಲಿ. ಬಾಲ್ಕನಿಯಲ್ಲಿ ಸೇದ್ತೀನಲ್ವಾ ಅಂದ ಅಪ್ಪನಿಗೆ, ಹೊಗೆಗೆ ಬಾಗಿಲು ಗೊತ್ತಾಗಲ್ಲ, ಸಿಗರೇಟ್ ಹೊಗೆ ಇರುವ ಮನೆಯಲ್ಲಿ ಈ ತೊಂದರೆ ಜಾಸ್ತಿ ಅಂತ ನೇರವಾಗೇ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ.

ಇನ್ನು ಪ್ಲೇಹೋಮ್. ಮಿಸ್ ಒಳ್ಳೆಯವರು, ಸುಸ್ತಾಗಿದ್ದರು. "22 ಮಕ್ಕಳು ಮೇಡಂ, ಇವನೊಬ್ಬನ್ನೇ ನೋಡೋಕಾಗುತ್ತಾ?" ನ್ಯಾಯವಾದ ಮಾತು. ಮನೆಯೊಂದರ ಮೊದಲ ಮಹಡಿ ಅದು, ಮೇಲೆ ಶೀಟು, ಕೆಳಗೆ ಟೈಲ್ಸ್, ಕಿಟಕಿಯ ಆಚೆ ಬಸ್ ರೋಡ್. ಒಂದು ಕುರ್ಚಿ ಎಳೆದರೆ ಇಡೀ ರೂಮ್ ಗುಂಯ್ ಅನ್ನುತ್ತೆ. ಮಿಸ್ ಅವರನ್ನೇ ಹಿಂದಿನ ಸಾಲಲ್ಲಿ ಕೂರಿಸಿದೆ. ಎರಡೂ ಕಿವಿಯ ಮುಂದಿನ ಸಣ್ಣ ಮೆದು ಮೂಳೆಯನ್ನು ಬೆರಳಿಂದ ಒಳಕ್ಕೆ ಒತ್ತಿಕೊಂಡು ಆಯಾ ಹೇಳುವ ಕಥೆ ಕೇಳಿ ಅಂದೆ. ಎರಡು ನಿಮಿಷಕ್ಕೆ ಕೈ ತೆಗೆದರು. "ತಲೆನೋವು ಬಂತು. ಸುಮ್ನೆ ಎದ್ದು ಹೋಗೋಣ ಅನ್ನಿಸ್ತು." ನಾನು ಏನೂ ಸೇರಿಸಲಿಲ್ಲ.

ಹೆಚ್ಚು ದುಡ್ಡು ಖರ್ಚಿಲ್ಲದ ಬದಲಾವಣೆಗಳನ್ನೇ ಕೇಳಿದೆ. ಪುಟ್ಟನ ಜಾಗ ಕಿಟಕಿ, ಫ್ಯಾನ್ ಹತ್ತಿರದಿಂದ ಮಿಸ್ ಪಕ್ಕಕ್ಕೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಪರದೆ. ಬೋರ್ಡ್ ಕಡೆ ತಿರುಗಿಕೊಂಡು ಮಾತು ಬೇಡ. ಮೊದಲು ಭುಜ ಮುಟ್ಟಿ, ಅವನು ನೋಡಿದ ಮೇಲೆ ಹೇಳಿ. ಕೂಗಬೇಡಿ, ಕೂಗಿದರೆ ಮಾತು ದೊಡ್ಡದಾಗುತ್ತೆ, ಸ್ಪಷ್ಟ ಆಗಲ್ಲ. ಮನೆಯಲ್ಲೂ ಇದೇ, ಜೊತೆಗೆ ಮಾತಾಡುವಾಗ ಟಿವಿ ಆಫ್.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡೋಕೆ ಸರ್ಕಾರದ ಆರ್.ಬಿ.ಎಸ್.ಕೆ. (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಇದೆ, 2013ರಿಂದ, ಕಿವಿಯೂ ಅದರ ಪಟ್ಟಿಯಲ್ಲಿದೆ. ಫೀಸ್ ಕಟ್ಟಿ ಪ್ಲೇಹೋಮ್‌ಗೆ ಕಳಿಸುವವರ ಮಕ್ಕಳು ಅದರ ಲೆಕ್ಕಕ್ಕೇ ಬರಲ್ಲ. ಅಲ್ಲಿ ಮಗುವಿನ ಕಿವಿ ಬಗ್ಗೆ ಯೋಚಿಸಬೇಕಾದವರು ಅಪ್ಪ ಅಮ್ಮ, ಇಲ್ಲ ಆ ಮಿಸ್. ಮಿಸ್ ಆಮೇಲೆ ಫೋನ್ ಮಾಡಿ ಇನ್ನಿಬ್ಬರು ಮಕ್ಕಳ ಮೇಲೆ ಅನುಮಾನ ಅಂದರು. ಕಾಯಿಲೆ ಹೆಸರು ಹೇಳಬೇಡಿ, ಒಮ್ಮೆ ಕಿವಿ ತೋರಿಸಿ ಅಂತಷ್ಟೇ ಪೇರೆಂಟ್ಸ್‌ಗೆ ಹೇಳಿ ಅಂದೆ.

ಮೂರು ತಿಂಗಳ ನಂತರದ ಟೆಸ್ಟ್‌ನಲ್ಲಿ ಬಲಗಿವಿ ಸರಿಹೋಗಿತ್ತು. ಎಡಗಿವಿಯ ಗೆರೆ ಇನ್ನೂ ಪೂರ್ತಿ ಎದ್ದಿರಲಿಲ್ಲ, ಮತ್ತೆ ತಾರೀಖು ಕೊಟ್ಟಿದ್ದಾರೆ. ತಳ್ಳಾಟ ಕಮ್ಮಿಯಾಗಿದೆ, ನಿಂತಿಲ್ಲ. ಅಪ್ಪ ಈಗ ಸೇದೋಕೆ ಕೆಳಗಿಳಿದು ಹೋಗ್ತಾರಂತೆ.

ಕೊನೆಯ ಸಲ ಬಂದಾಗ ಸುಮಾ ಕೇಳಿದರು: "ಈಗಲೂ ಒಂದೊಂದ್ಸಲ ಕರೆದ್ರೆ ಬರಲ್ಲ. ಕೇಳಿಸಿಲ್ವೋ, ಬೇಕಂತ ಮಾಡ್ತಾನೋ, ಹೇಗೆ ತಿಳ್ಕೊಳ್ಳೋದು?" ಹತ್ತಿರ ಹೋಗಿ, ಮುಟ್ಟಿ, ಮುಖ ನೋಡಿ ಇನ್ನೊಂದು ಸಲ ಹೇಳಿ ಅಂದೆ.

"ನಿನ್ನೆ ಹಾಗೇ ಮಾಡಿದೆ ಮೇಡಂ. ‘ಕೇಳಿಸ್ತು ಅಮ್ಮ, ಬರಲ್ಲ’ ಅಂದ."