ಹಳೆಯ ಪ್ರಿಂಟರ್ ಕಾರ್ಡ್ ಹೊಸ ಮದರ್‌ಬೋರ್ಡಿಗೆ ಕೂರುತ್ತಾ?

ಶಿರಸಿಯ ಅಡಿಕೆ ವಖಾರಿಯಲ್ಲಿ ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ, ಅದರ ಪ್ಯಾರಲಲ್ ಪೋರ್ಟ್ (ಪ್ರಿಂಟರಿನ ದಪ್ಪ ಕೇಬಲ್ ಸಿಕ್ಕಿಸುವ ಹಳೆಯ ಪೋರ್ಟ್) ಕಾರ್ಡ್ ಹೊಸ ಕಂಪ್ಯೂಟರಿನ ಯಾವ ಸ್ಲಾಟಿಗೂ ಹೋಗುತ್ತಿಲ್ಲ, ಸ್ವಲ್ಪ ಉಜ್ಜಿ ಕೂರಿಸಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಉಜ್ಜಬೇಡಿ. ಪ್ರಿಂಟರನ್ನೂ ಬಿಸಾಡಬೇಡಿ. ಕಾರ್ಬನ್ ಹಾಕಿ ಎರಡು ಮೂರು ಪ್ರತಿ ಒಟ್ಟಿಗೇ ತೆಗೆಯಲು ಈಗಲೂ ಅದೇ ಸರಿ. ಕುಮಟಾದಲ್ಲಿ ರಿಪೇರಿ ಕೆಲಸ ಮಾಡುವ ನನಗೆ ಆ ಪ್ರಿಂಟರ್‌ಗಳ ಮೇಲೆ ನಿಜಕ್ಕೂ ಗೌರವ ಇದೆ.

ನಿಮ್ಮ ಕಾರ್ಡ್ ಹಳೆಯ ಪಿಸಿಐ. ಅದು ಮದರ್‌ಬೋರ್ಡಿಗೆ ಕಾರ್ಡ್ ಜೋಡಿಸಲು 1992ರಲ್ಲಿ ಬಂದ ಪದ್ಧತಿ. ಹೊಸ ಬೋರ್ಡಿನಲ್ಲಿರುವುದು 2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್. ಹೆಸರು ಒಂದೇ ಥರ ಕೇಳಿಸಿದರೂ ಒಳಗಿನ ಕೆಲಸ ಪೂರ್ತಿ ಬೇರೆ. ಹಳೆಯದರಲ್ಲಿ 32 ಬಿಟ್ ಒಟ್ಟಿಗೆ ಓಡುತ್ತವೆ, ಎಲ್ಲ ಕಾರ್ಡ್‌ಗಳಿಗೂ ಒಂದೇ ದಾರಿ. ಹೊಸದರಲ್ಲಿ ಪ್ರತಿ ಸ್ಲಾಟಿಗೂ ತನ್ನದೇ ಲೇನ್, ಅಂದರೆ ಡೇಟಾ ಸಾಗುವ ದಾರಿ, ಇರುತ್ತದೆ. ಪಿನ್, ವೋಲ್ಟೇಜ್, ಅಂಚಿನ ಕಚ್ಚಿನ ಜಾಗ ಯಾವುದೂ ಹೊಂದುವುದಿಲ್ಲ. ಒತ್ತಿ ಕೂರಿಸಿದರೆ ಬೋರ್ಡ್ ಸುಟ್ಟು ಹೋಗಬಹುದು.

ಕಾರ್ಡ್ ಕೊಳ್ಳುವ ಮೊದಲು ಮದರ್‌ಬೋರ್ಡಿನ ಅಂಚನ್ನು ನೋಡಿ. ಎಲ್‌ಪಿಟಿ ಎಂದು (ಪ್ಯಾರಲಲ್ ಪೋರ್ಟಿಗೆ ಇನ್ನೊಂದು ಹೆಸರು) ಬರೆದ, ಎರಡು ಸಾಲಿನ ಪಿನ್‌ಗಳ ಜಾಗ ಕೆಲವು ಬೋರ್ಡ್‌ಗಳಲ್ಲಿ ಇರುತ್ತದೆ. ಅಲ್ಲಿ 26 ಪಿನ್ ಜಾಗಗಳಲ್ಲಿ ಒಂದು ಖಾಲಿ ಇರುತ್ತದೆ. ಅದಿದ್ದರೆ ಬ್ರಾಕೆಟ್ (ಕ್ಯಾಬಿನೆಟ್ಟಿನ ಹಿಂಬದಿಗೆ ಸಿಕ್ಕಿಸುವ ತಗಡು) ಇರುವ ಕೇಬಲ್ ಸಾಕು. ಬೋರ್ಡಿನ ಮ್ಯಾನುವಲ್ ನೋಡಿ ಪಿನ್ ಕ್ರಮ ಹೊಂದುವ ಕೇಬಲ್ಲೇ ತೆಗೆದುಕೊಳ್ಳಿ.

ಇಲ್ಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ x1 ಪ್ಯಾರಲಲ್ ಕಾರ್ಡ್ ತೆಗೆದುಕೊಳ್ಳಿ. x1 ಎಂಬ ಪುಟ್ಟ ಸ್ಲಾಟ್ ಖಾಲಿ ಇಲ್ಲದಿದ್ದರೆ ಉದ್ದದ x16 ಸ್ಲಾಟಿನಲ್ಲೂ ಹಾಕಬಹುದು. ಚಿಕ್ಕ ಕಾರ್ಡ್ ದೊಡ್ಡ ಸ್ಲಾಟಿನಲ್ಲಿ ಆರಾಮಾಗಿ ಕೆಲಸ ಮಾಡುತ್ತದೆ. ವೇಗದ ಚಿಂತೆ ಬೇಡ. ಮೊದಲ ತಲೆಮಾರಿನ ಒಂದು ಲೇನೇ ಸೆಕೆಂಡಿಗೆ 250 ಎಂಬಿ ಸಾಗಿಸುತ್ತದೆ, ಪ್ರಿಂಟರಿಗೆ ಅಷ್ಟೆಲ್ಲ ಬೇಕಿಲ್ಲ. ಕ್ಯಾಬಿನೆಟ್ ತೆಳ್ಳಗಿದ್ದರೆ ಗಿಡ್ಡ ಬ್ರಾಕೆಟ್ ಜೊತೆಗೆ ಬರುತ್ತದಾ ಎಂದು ಅಂಗಡಿಯಲ್ಲೇ ಕೇಳಿ.

ಜಾಸ್ತಿ ಜನ ಸಿಕ್ಕಿಕೊಳ್ಳುವುದು ಸ್ಲಾಟಿನಲ್ಲಲ್ಲ, ಸಾಫ್ಟ್‌ವೇರಿನಲ್ಲಿ. ನಿಮ್ಮ ಬಿಲ್ಲಿಂಗ್ ಪ್ರೋಗ್ರಾಂ ಹಳೆಯ, ವಿಂಡೋಸ್‌ಗೂ ಮೊದಲಿನ ಡಾಸ್‌ನದ್ದಾದರೆ, 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದೇ ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಹಾಗಾಗಿ ಡಾಸ್‌ಬಾಕ್ಸ್-ಎಕ್ಸ್‌ನಂಥ ಎಮ್ಯುಲೇಟರ್ (ಹಳೆಯ ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಂ) ಬೇಕಾಗುತ್ತದೆ. ಇನ್ನೊಂದು, ಕೆಲವು ಹಳೆಯ ಪ್ರೋಗ್ರಾಂಗಳು 378 ಎಂಬ ಪೋರ್ಟ್ ವಿಳಾಸವನ್ನೇ ನೇರವಾಗಿ ಹುಡುಕುತ್ತವೆ. ಹೊಸ ಕಾರ್ಡಿಗೆ ಸಾಮಾನ್ಯವಾಗಿ ಬೇರೆ ವಿಳಾಸ ಸಿಗುತ್ತದೆ. ವಿಂಡೋಸ್ ಡ್ರೈವರ್ ಮೂಲಕ ಪ್ರಿಂಟ್ ಮಾಡುವ ಪ್ರೋಗ್ರಾಂ ಆದರೆ ಈ ತೊಂದರೆ ಇಲ್ಲ, ಡಿವೈಸ್ ಮ್ಯಾನೇಜರಿನಲ್ಲಿ ಎಲ್‌ಪಿಟಿ1 ಎಂದು ಆರಿಸಿದರೆ ಸಾಕು.

ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಅಗ್ಗ. ಆದರೆ ಅದು ನಿಜವಾದ ಎಲ್‌ಪಿಟಿ ಪೋರ್ಟ್ ಕೊಡುವುದಿಲ್ಲ, ಯುಎಸ್‌ಬಿ ಪ್ರಿಂಟರ್ ಎಂದೇ ಕಾಣಿಸುತ್ತದೆ. ವಿಂಡೋಸ್ ಪ್ರೋಗ್ರಾಂ ಆದರೆ ನಾನು ಮೊದಲು ಅದನ್ನೇ ನೋಡಿ ಎನ್ನುತ್ತೇನೆ.

ಘಟ್ಟದ ಮೇಲೆ ಮಳೆಗಾಲದ ತೇವ, ನಮ್ಮ ಕಡೆ ಉಪ್ಪು ಗಾಳಿ. ಎರಡೂ ಕಾರ್ಡಿನ ಪಿನ್‌ಗಳಿಗೆ ಒಳ್ಳೆಯದಲ್ಲ. ಕಾರ್ಡ್ ಹಾಕುವಾಗ ಕರೆಂಟ್ ವೈರ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಚಿನ್ನದ ಬಣ್ಣದ ಅಂಚನ್ನು ಒರೆಸಿ, ಒಣಗಿದ ಮೇಲೆ ಕೂರಿಸಿ. ಬೋರ್ಡಿನ ಮಾಡೆಲ್ ಮತ್ತು ಪ್ರೋಗ್ರಾಂ ಹೆಸರು ಬರೆದರೆ ಇದರಲ್ಲಿ ಯಾವುದು ನಿಮಗೆ ಸರಿ ಎಂದು ಹೇಳುತ್ತೇನೆ.