ಹುಳ ಜ್ವರಕ್ಕೆ ಕೂರುತ್ತದೆ, ಒಗಟು ಕೂರಲ್ಲ
ಓದುಗರ ಪ್ರಶ್ನೆಗೆ ಭಾಷಾ ತಜ್ಞರ ಉತ್ತರ

ಪ್ರಶ್ನೆ: ನಾವು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಬೆಳೆಯುವವರು. ‘ಹುಳ ಜ್ವರಕ್ಕೆ ಕೂತಿದೆ, ಸೊಪ್ಪು ಹಾಕಬೇಡಮ್ಮ’ ಅಂದರೆ, ಪೇಟೆಯಿಂದ ಬಂದ ಸೊಸೆ ‘ಹುಳ ಎಲ್ಲಾದರೂ ಕೂರುತ್ತಾ ಮಾವ?’ ಅಂತಾಳೆ. ನಮ್ಮ ಮಾತು ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲ. ಸೊಸೆಯನ್ನು ಒಮ್ಮೆ ಹುಳ ಸಾಕುವ ತಟ್ಟೆಯ ಹತ್ತಿರ ಕರೆದು ತೋರಿಸಿ. ನಿನ್ನೆ ಸರಸರ ಸೊಪ್ಪು ಮೇಯುತ್ತಿದ್ದ ಹುಳ ಇವತ್ತು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಹಳೇ ಚರ್ಮ ಕಳಚಲು ತಯಾರಾಗುವ ಹೊತ್ತು ಅದು, ಅದನ್ನೇ ನೀವು ‘ಜ್ವರ’ ಅನ್ನೋದು. ಗೂಡು ಕಟ್ಟುವ ಮುಂಚೆ ಹೀಗೆ 4 ಸಲ. ನೀವು ಸೊಪ್ಪು ನಿಲ್ಲಿಸುತ್ತೀರಿ, ಹುಳದ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತೀರಿ. ಚರ್ಮ ಬಿಟ್ಟ ಮೇಲೆ ‘ಹುಳ ಎದ್ದಿದೆ’ ಅಂತೀರಿ. ಎದ್ದಿದೆ ಅನ್ನಬೇಕಾದರೆ ಮೊದಲು ಕೂತಿರಬೇಕಲ್ವಾ?

ಕನ್ನಡದಲ್ಲಿ ಕೂರೋದು ಅಂದರೆ ಸೊಂಟ ಊರೋದು ಮಾತ್ರ ಅಲ್ಲ. ಓಡಾಟ ಬಿಟ್ಟು ಒಂದೇ ಕೆಲಸಕ್ಕೆ ನೆಲೆ ನಿಲ್ಲೋದು. ಕೋಳಿ 21 ದಿನ ಕಾವಿಗೆ ಕೂರುತ್ತದೆ. ಮದುಮಗಳು ಹಸೆಗೆ ಕೂರುತ್ತಾಳೆ. ರೈತರು ಧರಣಿ ಕೂರುತ್ತಾರೆ. ಸುಮ್ನೆ ಕೂತವರು ಇವರಲ್ಲಿ ಒಬ್ಬರೂ ಇಲ್ಲ. ‘ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು’ ಅನ್ನೋ ಗಾದೆಯಲ್ಲಿ ಮಾತ್ರ ಅದೇ ಕೂರೋದು ಸೋಮಾರಿತನ ಆಗುತ್ತದೆ. ಯಾವುದಕ್ಕೆ ಕೂತರು ಅನ್ನೋದರ ಮೇಲೆ ಅರ್ಥ. ನಿಮ್ಮ ಮಾತನ್ನು ಬಿಡಬೇಡಿ, ಸೊಸೆಗೂ ಕಲಿಸಿ.

ಪ್ರಶ್ನೆ: ‘ಕೂತರೆ ಇರುತ್ತೆ, ಎದ್ದರೆ ಮಾಯ’ ಅಂತ ಮೊಬೈಲಿಗೆ ಒಂದು ಒಗಟು ಬಂತು. ಉತ್ತರ ‘ತೊಡೆ’ ಅಂತಿತ್ತು. ಮಕ್ಕಳು ಒಪ್ಪುತ್ತಿಲ್ಲ. (ಶಿಕ್ಷಕಿ, ಕೋಲಾರ)

ಉತ್ತರ: ಮಕ್ಕಳೇ ಸರಿ. ಎದ್ದರೆ ತೊಡೆ ಎಲ್ಲಿ ಹೋಗುತ್ತೆ? ಇದು ಇಂಗ್ಲಿಷಿನ ಒಗಟು. ಕೂತಾಗ ಮಾತ್ರ ಆಗುವ ಆ ಜಾಗಕ್ಕೆ ಅಲ್ಲಿ ‘ಲ್ಯಾಪ್’ ಅಂತ ಬೇರೆ ಹೆಸರೇ ಇದೆ. ‘ಮಡಿಲು’ ಅಂದರೆ ಸ್ವಲ್ಪ ಹತ್ತಿರ ಬರುತ್ತದೆ, ಆದರೂ ಪೂರ್ತಿ ಕೂರಲ್ಲ. ತವರಿನಿಂದ ಹೊರಡುವ ಮಗಳನ್ನು ನೋಡಿ. ಮಣೆ ಮೇಲೆ ಕೂತು ಸೆರಗೊಡ್ಡಿ ಮಡಿಲಕ್ಕಿ ತುಂಬಿಸಿಕೊಳ್ಳುತ್ತಾಳೆ. ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು. ಆಮೇಲೆ ಸೆರಗನ್ನು ಬಿಗಿಯಾಗಿ ಹಿಡಿದು ಎದ್ದು ದೇವರ ಮುಂದೆ ಹೋಗುತ್ತಾಳೆ. ಎದ್ದ ಮೇಲೂ ಮಡಿಲು ಇದೆ, ತುಂಬಿಕೊಂಡೇ ಇದೆ.

ಮಕ್ಕಳಿಗೆ ಇದನ್ನು ಕೇಳಿ: ‘ಕೂರಿಸೋಕೂ ಮೆರವಣಿಗೆ, ಬಿಡೋಕೂ ಮೆರವಣಿಗೆ. ಕೂತವನು ತಾನಾಗಿ ಏಳಲ್ಲ. ಯಾರು?’ ಬೀದಿ ಗಣಪತಿ ಅಂತ ತಕ್ಷಣ ಹೇಳುತ್ತಾರೆ.

ಪ್ರಶ್ನೆ: ಮನೆಗೆ ಬಂದವರಿಗೆ ನನ್ನ ಮಗ ‘ಕುಂತ್ಕೊಳ್ಳಿ’ ಅಂದ. ಅವರು ನಕ್ಕರು. ತಿದ್ದಬೇಕಾ? (ಶಿರಾ, ತುಮಕೂರು ಜಿಲ್ಲೆ)

ಉತ್ತರ: ಬೇಡ. ಬಂದವರನ್ನು ನಿಲ್ಲಿಸದೆ ಕೂರಿ ಅಂದನಲ್ಲ, ಬೆನ್ನು ತಟ್ಟಿ. ಹಳಗನ್ನಡದಲ್ಲಿ ‘ಕುಳ್ಳಿರ್’ ಅಂತಿತ್ತು, ‘ಕುಳ್ಳಿರಿಸಿದರು’ ಅಂತ ಇವತ್ತಿಗೂ ಬರೆಯುತ್ತೇವೆ. ಪುಸ್ತಕದಲ್ಲಿ ಕುಳಿತುಕೊಳ್ಳಿ, ಬೆಂಗಳೂರಿನಲ್ಲಿ ಕೂತ್ಕೊಳ್ಳಿ, ಹುಬ್ಬಳ್ಳಿಯಲ್ಲಿ ಕುಂದ್ರಿ, ನಿಮ್ಮಲ್ಲಿ ಕುಂತ್ಕೊಳ್ಳಿ. ಪರೀಕ್ಷೆಯಲ್ಲಿ ಮಾತ್ರ ‘ಕುಳಿತುಕೊಳ್ಳಿ’ ಅಂತ ಬರೆಯಲು ಹೇಳಿ. ಜಗಲಿ ಮೇಲೆ ಕುಂತ್ಕೊಳ್ಳಿ ಅಂತಲೇ ಇರಲಿ.